ಹೊಂಡ ಸಿಕ್ಕರೆ ರೀಸ್ಟಾರ್ಟ್, ನಿಲ್ಲಿಸಿದರೆ ಹತ್ತೇ ನಿಮಿಷ: ಡ್ಯಾಶ್‌ಕ್ಯಾಮ್ ವೈರಿಂಗಿನಲ್ಲಿ ತಪ್ಪು ಎಲ್ಲಿದೆ?

ಪ್ರಶ್ನೆ: ನನ್ನ ಕಾರಿಗೆ ಮುಂದೊಂದು, ಹಿಂದೊಂದು ಕ್ಯಾಮೆರಾ ಇರುವ ಡ್ಯಾಶ್‌ಕ್ಯಾಮ್ ಹಾಕಿದ್ದೇನೆ. ಕ್ಯಾಮೆರಾಗೆ ಗಾಡಿಯ ಬ್ಯಾಟರಿಯಿಂದಲೇ ಕರೆಂಟ್ ಕೊಡುವ ಮೂರು ವೈರಿನ ಹಾರ್ಡ್‌ವೈರ್ ಕಿಟ್ ತಂದು, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸಿಗೆ ಫ್ಯೂಸ್ ಟ್ಯಾಪ್ (ಇರುವ ಫ್ಯೂಸಿನ ಜಾಗದಲ್ಲೇ ಕೂತು ಇನ್ನೊಂದು ವೈರಿಗೂ ಕರೆಂಟ್ ಕೊಡುವ ತುಂಡು) ಮೂಲಕ ನಾನೇ ಜೋಡಿಸಿದೆ. ಕಪ್ಪು ವೈರನ್ನು ಪಕ್ಕದಲ್ಲೇ ಸಿಕ್ಕ ಒಂದು ಸ್ಕ್ರೂ ಕೆಳಗೆ ಬಿಗಿದಿದ್ದೇನೆ. ಮೊದಲ ವಾರ ಎಲ್ಲ ಸರಿಯಿತ್ತು. ಈಗ ರಸ್ತೆ ಕೆಟ್ಟಿರುವ ಕಡೆ ಕ್ಯಾಮೆರಾ ತಾನಾಗಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಗಾಡಿ ಲಾಕ್ ಮಾಡಿ ಹೋದರೆ, ನಿಂತ ಗಾಡಿಯಲ್ಲೂ ರೆಕಾರ್ಡ್ ಮಾಡುವ ಪಾರ್ಕಿಂಗ್ ಮೋಡ್ ಹತ್ತು ನಿಮಿಷಕ್ಕೆ ನಿಂತುಬಿಡುತ್ತದೆ. ಕಿಟ್‌ನ ಕಟಾಫ್, ಅಂದರೆ ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಕ್ಯಾಮೆರಾ ನಿಲ್ಲಬೇಕು ಎಂಬ ಮಿತಿ, 12.4 ವೋಲ್ಟ್ ಇದ್ದದ್ದನ್ನು 11.8ಕ್ಕೆ ಇಳಿಸಿದೆ. ಆಮೇಲೆ ಕೆಲವು ರಾತ್ರಿ ಬೆಳಗಿನವರೆಗೂ ರೆಕಾರ್ಡ್ ಆಯಿತು, ಕೆಲವು ರಾತ್ರಿ ಇಲ್ಲ. ಒಂದು ಶನಿವಾರ, ಭಾನುವಾರ ಗಾಡಿ ಹೊರಗೆ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದರೆ ಕಟಕಟ ಸದ್ದು ಬಿಟ್ಟರೆ ಏನೂ ಇಲ್ಲ. ಬ್ಯಾಟರಿ 45 ಆಂಪಿಯರ್-ಅವರ್‌ನದು, ಹಾಕಿಸಿ ಮೂರು ವರ್ಷವಾಗಿದೆ. ದಿನಕ್ಕೆ ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಇಪ್ಪತ್ತು ನಿಮಿಷ ಓಡಿಸುತ್ತೇನೆ. ಕ್ಯಾಮೆರಾ ನಿಂತ ಮೇಲೆ ಬಾಗಿಲು ತೆಗೆದು ಫ್ಯೂಸ್ ಹತ್ತಿರ ಮೀಟರ್ ಇಟ್ಟರೆ 12.5 ವೋಲ್ಟ್ ತೋರಿಸುತ್ತದೆ. ಒಬ್ಬರು ಬ್ಯಾಟರಿ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು ಟ್ಯಾಪ್‌ನಲ್ಲಿರುವ 2 ಆಂಪಿಯರ್ ಫ್ಯೂಸ್ ತೆಗೆದು 10 ಹಾಕಿ ಅಂದರು. ಮತ್ತೊಬ್ಬರು ಫ್ಯೂಸ್ ಬಾಕ್ಸನ್ನೇ ಮುಟ್ಟಬಾರದಿತ್ತು, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಳಾಗುತ್ತದೆ ಎಂದು ಹೆದರಿಸಿದರು. ಜೊತೆಗೆ ಎಫ್‌ಎಂ ರೇಡಿಯೋದಲ್ಲಿ ಸುಯ್ಯೆನ್ನುವ ಸದ್ದೂ ಶುರುವಾಗಿದೆ. ಯಾವುದನ್ನು ನಂಬಲಿ, ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಈ ವಿರೋಧಾಭಾಸ ಅನ್ನಿಸುತ್ತದೆ. ಬ್ಯಾಟರಿಯಲ್ಲಿ ಬೇಕಾದಷ್ಟು ಚಾರ್ಜ್ ಇರುವಾಗಲೇ ಹತ್ತು ನಿಮಿಷಕ್ಕೆ ಕೈಕೊಡುವ ಕಿಟ್, ಅದೇ ಬ್ಯಾಟರಿಯನ್ನು ಸೆಲ್ಫ್ ಎತ್ತದಷ್ಟು ಬರಿದು ಮಾಡುವುದು ಹೇಗೆ? ಒಂದೋ ಅದು ಬೇಗ ನಿಲ್ಲಬೇಕು, ಇಲ್ಲವೇ ನಿಲ್ಲದೆ ಬ್ಯಾಟರಿ ಹೀರಬೇಕು. ಎರಡೂ ಒಂದೇ ಗಾಡಿಯಲ್ಲಿ ಆಗುತ್ತಿರುವುದರಿಂದ ಪ್ರತಿಯೊಬ್ಬರೂ ಒಂದೊಂದು ಭಾಗವನ್ನು ಹಿಡಿದು ಒಂದೊಂದು ತೀರ್ಪು ಕೊಟ್ಟಿದ್ದಾರೆ. ನೀವು ಬರೆದ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲವೂ ಒಂದೇ ಕಡೆ ಬೆರಳು ಮಾಡುತ್ತವೆ: "ಪಕ್ಕದಲ್ಲೇ ಸಿಕ್ಕ ಸ್ಕ್ರೂ" ಕೆಳಗೆ ಕೂತಿರುವ ಆ ಕಪ್ಪು ವೈರ್. ಬಾಡಿ ಅರ್ಥ್, ಅಂದರೆ ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ಸಂಪರ್ಕ, ಸರಿಯಿಲ್ಲ ಎಂಬುದು ನನ್ನ ಮೊದಲ ಅನುಮಾನ. ಅದು ಅನುಮಾನವಾಗಿಯೇ ಉಳಿಯಬೇಕಿಲ್ಲ, ನಿಮ್ಮ ಹತ್ತಿರವಿರುವ ಮೀಟರಿನಲ್ಲೇ ಪರೀಕ್ಷಿಸಬಹುದು. ಅದಕ್ಕೆ ಮುಂಚೆ ಒಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತೇನೆ.

ಕಿಟ್‌ನ ಮೂರು ವೈರ್‌ಗಳಲ್ಲಿ ಒಂದು ಬ್ಯಾಟರಿಯಿಂದ ಸದಾ ಬರುವ ಡೈರೆಕ್ಟ್ ಲೈನ್. ಇನ್ನೊಂದು ಕೀ ತಿರುಗಿಸಿದಾಗ ಮಾತ್ರ ಬರುವ ಎಸಿಸಿ ಲೈನ್. ಮೂರನೆಯದು ಅರ್ಥ್. ಹೆಚ್ಚಿನ ಕಿಟ್‌ಗಳಲ್ಲಿ ಹಳದಿ ಡೈರೆಕ್ಟ್, ಕೆಂಪು ಎಸಿಸಿ, ಕಪ್ಪು ಅರ್ಥ್ ಆಗಿರುತ್ತದೆ. ಆದರೆ ಬಣ್ಣ ನಂಬಬೇಡಿ, ವೈರಿನ ಮೇಲಿನ ಚೀಟಿ ಓದಿ. ಕ್ಯಾಮೆರಾ ಓಡುವುದು ಡೈರೆಕ್ಟ್ ಲೈನಿನ ಕರೆಂಟಿನಿಂದ. ಎಸಿಸಿ ಲೈನ್ "ಈಗ ಗಾಡಿ ಆನ್ ಇದೆ, ಈಗ ಆಫ್ ಆಯಿತು" ಎಂದು ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಇವೆರಡು ಅದಲುಬದಲಾಗಿದ್ದರೆ ಕೀ ತೆಗೆದ ಕೂಡಲೇ ಕ್ಯಾಮೆರಾ ಸಾಯುತ್ತದೆ. ನಿಮ್ಮದು ಹತ್ತು ನಿಮಿಷವಾದರೂ ಓಡುತ್ತಿರುವುದರಿಂದ ಆ ತಪ್ಪು ಆಗಿಲ್ಲ.

ಕಿಟ್ ಒಳಗೆ ಎರಡು ಕೆಲಸ ನಡೆಯುತ್ತವೆ. 12 ವೋಲ್ಟ್ ಅನ್ನು 5 ವೋಲ್ಟ್ ಮಾಡುವುದು ಒಂದು, ಒಳಬರುವ ವೋಲ್ಟೇಜ್ ಅಳೆದು ಅದು ನೀವಿಟ್ಟ ಮಿತಿಗಿಂತ ಇಳಿದರೆ ಕರೆಂಟ್ ಕಡಿಯುವುದು ಇನ್ನೊಂದು. ಈ ಅಳತೆಯಲ್ಲೇ ಸೂಕ್ಷ್ಮ ಇರುವುದು. ಕಿಟ್‌ಗೆ ಬ್ಯಾಟರಿ ಕಾಣುವುದಿಲ್ಲ, ತನ್ನ ಬಾಗಿಲಿಗೆ ಬಂದು ತಲುಪಿದ ವೋಲ್ಟೇಜ್ ಮಾತ್ರ ಕಾಣುತ್ತದೆ. ನಡುವೆ ಎಲ್ಲಾದರೂ ಹಿಡಿತ ಸಡಿಲವಿದ್ದರೆ, ತುಕ್ಕು ಅಥವಾ ಪೇಂಟ್ ಅಡ್ಡ ಬಂದರೆ, ಕರೆಂಟ್ ಹರಿಯುವಾಗ ಆ ಜಾಗದಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ಎರಡು ಕ್ಯಾಮೆರಾ ರೆಕಾರ್ಡ್ ಮಾಡುವಾಗ 12 ವೋಲ್ಟ್ ಬದಿಯಲ್ಲಿ ಸುಮಾರು 0.4 ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಳ್ಳಿ. ಅರ್ಥ್ ಜಾಗದಲ್ಲಿ 1 ಓಮ್ ಅಡ್ಡಿ ಇದ್ದರೆ 0.4 ವೋಲ್ಟ್ ಅಲ್ಲೇ ಮುಗಿಯಿತು. ಬ್ಯಾಟರಿಯಲ್ಲಿ 12.6 ಇದ್ದರೂ ಕಿಟ್ 12.2 ಎಂದು ಓದುತ್ತದೆ. ಮಿತಿ 12.4 ಇದ್ದಾಗ ಅದು ಕಡಿದದ್ದು ಸರಿಯೇ, ಅದು ತನ್ನ ಕೆಲಸ ಮಾಡಿದೆ.

ಹತ್ತು ನಿಮಿಷ ಯಾಕೆ ತೆಗೆದುಕೊಂಡಿತು ಎಂದರೆ, ಗಾಡಿ ಓಡಿಸಿ ನಿಲ್ಲಿಸಿದ ತಕ್ಷಣ ಬ್ಯಾಟರಿಯ ಮೇಲ್ಪದರದಲ್ಲಿ ಚಾರ್ಜಿನ ಉಬ್ಬರ ಇರುತ್ತದೆ. ಮೊದಮೊದಲು 12.8, 12.9 ತೋರಿಸಿ ನಿಧಾನವಾಗಿ ತನ್ನ ನಿಜವಾದ ಮಟ್ಟಕ್ಕೆ ಇಳಿಯುತ್ತದೆ. ಆ ಉಬ್ಬರ ಇಳಿಯುವವರೆಗೆ ಮಾತ್ರ ನಿಮ್ಮ ಕಿಟ್ ಓಡಿದೆ. ಕಿಟ್ ಕಡಿದ ಕ್ಷಣ ಕರೆಂಟ್ ಹರಿಯುವುದು ನಿಲ್ಲುತ್ತದೆ. ಕರೆಂಟ್ ಇಲ್ಲದಿದ್ದರೆ ಕೆಟ್ಟ ಜಾಯಿಂಟಿನಲ್ಲಿ ಕಳೆಯುವುದೂ ಇಲ್ಲ. ಆಗ ಎಲ್ಲಿ ಮೀಟರ್ ಇಟ್ಟರೂ 12.5 ಬರುತ್ತದೆ. ಕೆಸರು ಕಟ್ಟಿದ ಪೈಪಿನಲ್ಲಿ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ನೀರು ಜಿನುಗುತ್ತದೆ, ಇದೂ ಹಾಗೆಯೇ. ನೀವು ಅಳೆದದ್ದು ನಲ್ಲಿ ಮುಚ್ಚಿದ ಮೇಲೆ. ಲೋಡ್ ಇಲ್ಲದೆ, ಅಂದರೆ ಕರೆಂಟ್ ಹರಿಯದಿರುವಾಗ ತೆಗೆದ ರೀಡಿಂಗ್ ಜಾಯಿಂಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಕೆಲಸದಲ್ಲಿ ನಾನು ನೋಡುವ ತಪ್ಪು ತೀರ್ಮಾನಗಳಲ್ಲಿ ಬಹುಪಾಲು ಇಂಥ ರೀಡಿಂಗಿನಿಂದಲೇ ಹುಟ್ಟುತ್ತವೆ. "ವೋಲ್ಟೇಜ್ ಬರ್ತಾ ಇದೆಯಲ್ಲ, ವೈರಿಂಗ್ ಸರಿಯಿದೆ" ಎಂದು ಮೀಟರ್ ಮಡಚಿಟ್ಟು ಜನ ಬ್ಯಾಟರಿಯನ್ನೋ ಕ್ಯಾಮೆರಾವನ್ನೋ ಬದಲಿಸಲು ಹೊರಡುತ್ತಾರೆ.

ಇನ್ನು ಸೋಮವಾರದ ಕಥೆ. ಕಟಾಫ್ 11.8ಕ್ಕೆ ಇಳಿಸಿದ ಮೇಲೆ, ಅರ್ಥ್ ಕೆಟ್ಟಿದ್ದ ರಾತ್ರಿಗಳಲ್ಲಿ ಮೊದಲಿನಂತೆ ಬೇಗ ನಿಂತಿತು. ಗಾಡಿ ನಿಲ್ಲುವಾಗ ಆ ವೈರ್ ತುದಿ ಆಕಸ್ಮಿಕವಾಗಿ ಗಟ್ಟಿಯಾಗಿ ತಾಗಿಕೊಂಡಿದ್ದ ರಾತ್ರಿಗಳಲ್ಲಿ ಬೆಳಗಿನವರೆಗೂ ಓಡಿತು. ಆ ವಾರಾಂತ್ಯ ಅದು ಚೆನ್ನಾಗಿ ತಾಗಿಕೊಂಡೇ ಇತ್ತು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ 60 ಗಂಟೆ ಹಿಡಿಯಿರಿ. 0.4 ಆಂಪಿಯರಿನಂತೆ 24 ಆಂಪಿಯರ್-ಅವರ್. ಗಾಡಿಯ ಅಲಾರ್ಮ್, ಕೀಲೆಸ್ ಇತ್ಯಾದಿಗಳು ತಾವಾಗಿ ಎಳೆಯುವುದು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್; ಅದು ಒಂದೆರಡು ಆಂಪಿಯರ್-ಅವರ್. ಒಟ್ಟು 26ರ ಹತ್ತಿರ. ಮೂರು ವರ್ಷದ 45ರ ಬ್ಯಾಟರಿಯಲ್ಲಿ ಈಗ 45 ಹಿಡಿಯುವುದಿಲ್ಲ, ಹಿಡಿಯುವಷ್ಟೂ ತುಂಬಿರಲಿಲ್ಲ ಎಂಬುದನ್ನು ಸೇರಿಸಿಕೊಂಡರೆ ಸ್ಟಾರ್ಟರ್ ಮೋಟರಿಗೆ ಏನು ಉಳಿದೀತು?

ಮೂವರು ಹೇಳಿದ ಮಾತುಗಳು

ಫ್ಯೂಸ್ ದೊಡ್ಡದು ಹಾಕಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. ಕಿಟ್‌ನ ವೈರ್ ತೆಳ್ಳಗಿರುತ್ತದೆ. ಅದು ಎಲ್ಲೋ ಲೋಹದ ಅಂಚಿಗೆ ಉಜ್ಜಿ ಶಾರ್ಟ್ ಆದರೆ 2 ಆಂಪಿಯರಿನದು ಕೂಡಲೇ ಹಾರುತ್ತದೆ. 10 ಆಂಪಿಯರಿನದು ಹಾರುವ ಮುಂಚೆ ವೈರ್ ಬಿಸಿಯಾಗಲು ಅವಕಾಶ ಸಿಗುತ್ತದೆ, ಅದೂ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ನಡುವೆ. ಇನ್ನೊಂದು ಸರಳ ತರ್ಕ: ಹಾರಿದ ಫ್ಯೂಸ್ ತಾನಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ. ಆಫ್ ಆಗಿ ಮತ್ತೆ ಆನ್ ಆಗುವ ಕ್ಯಾಮೆರಾದ ತೊಂದರೆ ಫ್ಯೂಸಿನ ಗಾತ್ರದಲ್ಲಿ ಇರಲು ಸಾಧ್ಯವೇ ಇಲ್ಲ.

ಇಸಿಯು ಹಾಳಾಗುತ್ತದೆ ಎಂಬ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ರೇಡಿಯೋ, ಚಾರ್ಜಿಂಗ್ ಸಾಕೆಟ್, ಹಿಂದಿನ ವೈಪರ್ ಇಂಥ ಸರ್ಕ್ಯೂಟಿನಿಂದ ಅರ್ಧ ಆಂಪಿಯರ್ ಎಳೆದರೆ ಯಾವುದಕ್ಕೂ ಏನೂ ಆಗುವುದಿಲ್ಲ. ಆದರೆ ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೀರಿಂಗ್, ಎಂಜಿನ್ ಕಂಟ್ರೋಲ್, ಫ್ಯುಯೆಲ್ ಪಂಪ್ ಫ್ಯೂಸ್‌ಗಳಿಗೆ ಟ್ಯಾಪ್ ಹಾಕಲೇಬಾರದು. ಅವು ನಿಮ್ಮ ಅರ್ಧ ಆಂಪಿಯರ್ ತಾಳುವುದಿಲ್ಲ ಎಂದಲ್ಲ. ಟ್ಯಾಪ್ ಸಡಿಲವಾದರೆ ಮೂಲ ಫ್ಯೂಸಿನ ಸಂಪರ್ಕವೂ ಅದರೊಂದಿಗೇ ಹೋಗುತ್ತದೆ. ಬ್ರೇಕ್ ಒತ್ತುವ ಹೊತ್ತಿನಲ್ಲಿ ಎಬಿಎಸ್ ಇಲ್ಲದಿರುವುದು ಕ್ಯಾಮೆರಾ ರೀಸ್ಟಾರ್ಟ್ ಆದಷ್ಟು ಸಣ್ಣ ವಿಷಯವಲ್ಲ. ನಿಮ್ಮ ಟ್ಯಾಪ್‌ಗಳು ಯಾವ ಫ್ಯೂಸಿನಲ್ಲಿ ಕೂತಿವೆ ಎಂದು ನೀವು ಬರೆದಿಲ್ಲ. ಫ್ಯೂಸ್ ಬಾಕ್ಸ್ ಮುಚ್ಚಳದ ಪಟ್ಟಿ ನೋಡಿ ಇದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಿ.

ಬ್ಯಾಟರಿ ಹೋಗಿದೆಯೇ? ಇರಬಹುದು, ಆದರೆ ಬರಿದಾದ ಬ್ಯಾಟರಿಯನ್ನು ಪರೀಕ್ಷಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಚಾರ್ಜರ್ ಹಾಕಿ ಪೂರ್ತಿ ತುಂಬಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ವೋಲ್ಟೇಜ್ ನೋಡಿ. 12.6ರ ಆಸುಪಾಸು ನಿಂತರೆ ಆಮೇಲೆ ಭಾರೀ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟ್ ಮಾಡಿಸಿ. ತುಂಬಿಸಿದ ಮರುದಿನವೇ 12.3ಕ್ಕೆ ಜಾರಿದರೆ ಬದಲಿಸುವ ಮಾತು ಆಡಬಹುದು. ಈ ಚಾರ್ಜಿಂಗ್ ತಡಮಾಡಬೇಡಿ. ಲೆಡ್-ಆಸಿಡ್ ಬ್ಯಾಟರಿ ಬರಿದಾಗಿ ಕೂತಷ್ಟು ದಿನವೂ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಹಾಗೆ ಕಳೆದ ಸಾಮರ್ಥ್ಯ ಪೂರ್ತಿ ವಾಪಸ್ ಬರುವುದಿಲ್ಲ.

ಮೀಟರ್ ಎಲ್ಲಿಡಬೇಕು

ಕ್ಯಾಮೆರಾ ರೆಕಾರ್ಡ್ ಮಾಡುತ್ತಿರಬೇಕು, ಎಂಜಿನ್ ಆಫ್ ಇರಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಕಿಟ್‌ನ ಕಪ್ಪು ವೈರಿನ ತುದಿಯ ಲೋಹದ ಮೇಲೆ; ಸ್ಕ್ರೂ ಮೇಲಲ್ಲ, ವೈರ್ ತುದಿಯ ಮೇಲೆಯೇ. ಅಷ್ಟು ದೂರ ಮೀಟರ್ ವೈರ್ ಬರದಿದ್ದರೆ ಯಾವುದಾದರೂ ಉದ್ದ ವೈರ್ ಕಟ್ಟಿಕೊಳ್ಳಿ, ವೋಲ್ಟೇಜ್ ಅಳೆಯುವಾಗ ಅದರಿಂದ ವ್ಯತ್ಯಾಸವಾಗುವುದಿಲ್ಲ. ಅದೂ ಆಗದಿದ್ದರೆ ಬ್ಯಾಟರಿ ಕಂಬದ ಬದಲು ಬಾಗಿಲ ಲಾಕ್ ಸಿಕ್ಕಿಕೊಳ್ಳುವ ಬಾಡಿಯ ಮೇಲಿನ ಲೋಹದ ಕೊಂಡಿ ಬಳಸಬಹುದು.

ಇಲ್ಲಿ 0.1 ವೋಲ್ಟ್‌ಗಿಂತ ಕಡಿಮೆ ಬಂದರೆ ಅರ್ಥ್ ಚೆನ್ನಾಗಿದೆ. 0.3, 0.4 ಬಂದರೆ ಕಳ್ಳ ಸಿಕ್ಕ. ಮೊದಲಿಗೇ ಸಿಗದಿದ್ದರೆ ಕಡ್ಡಿಗಳನ್ನು ಇಟ್ಟುಕೊಂಡೇ ವೈರನ್ನು ಮೆಲ್ಲಗೆ ಅಲುಗಿಸಿ, ಸ್ಕ್ರೂ ಸುತ್ತ ಬೆರಳಿನಿಂದ ತಟ್ಟಿ. ಅಂಕಿ ಕುಣಿದರೆ ಸಾಕು, ಹೊಂಡದಲ್ಲಿ ಆಗುತ್ತಿರುವುದೂ ಅದೇ. ಓಮ್ ಮೋಡಿನಲ್ಲಿ ಅಳೆದು ಬೀಪ್ ಬಂತು ಎಂದು ಸಮಾಧಾನಪಡಬೇಡಿ. ಆ ಮೋಡಿನಲ್ಲಿ ಮೀಟರ್ ಹರಿಸುವ ಕರೆಂಟ್ ಎಷ್ಟು ಅಲ್ಪವೆಂದರೆ ವೈರಿನ ಒಂದೇ ಎಳೆ ತಾಗಿದ್ದರೂ ಬೀಪ್ ಕೊಡುತ್ತದೆ.

ಅರ್ಥ್ ಪಾಸಾದರೆ ಪ್ಲಸ್ ಬದಿಯನ್ನೂ ಹೀಗೇ ನೋಡಿ: ಬ್ಯಾಟರಿಯ ಪ್ಲಸ್ ಕಂಬದಿಂದ ಕಿಟ್‌ಗೆ ಹೋಗುವ ಡೈರೆಕ್ಟ್ ವೈರಿನವರೆಗೆ. ಅಲ್ಲಿ ಕಳೆಯುತ್ತಿದ್ದರೆ ಟ್ಯಾಪ್ ಕೂತಿರುವ ರೀತಿ ಸರಿಯಿಲ್ಲ, ಅಥವಾ ಟ್ಯಾಪ್ ವೈರಿನ ಕ್ರಿಂಪ್ (ವೈರನ್ನು ಒತ್ತಿ ಹಿಡಿದಿರುವ ಲೋಹದ ತುದಿ) ಸಡಿಲ.

ಅರ್ಥ್ ಸರಿಮಾಡುವುದು ಕಷ್ಟದ ಕೆಲಸವಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಬಹಳಷ್ಟು ಸ್ಕ್ರೂಗಳು ಪ್ಲಾಸ್ಟಿಕ್ಕಿಗೆ ಕಚ್ಚಿರುತ್ತವೆ, ಇಲ್ಲವೇ ಪೇಂಟ್ ಹೊಡೆದ ಬ್ರಾಕೆಟ್ಟಿಗೆ. ಎರಡೂ ನಮಗೆ ಬೇಡ. ಬಾಡಿಯ ಶೀಟಿಗೆ ನೇರ ಹೋಗುವ ಬೋಲ್ಟ್ ಹುಡುಕಿ. ಕಂಪನಿಯವರೇ ಕಂದು ಅಥವಾ ಕಪ್ಪು ಅರ್ಥ್ ವೈರ್ ಕಟ್ಟಿರುವ ಜಾಗ ಹತ್ತಿರವಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಏರ್‌ಬ್ಯಾಗ್ ಮಾಡ್ಯೂಲ್ ಹಿಡಿದಿರುವ ಬೋಲ್ಟ್, ಸೀಟ್ ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಬೋಲ್ಟ್ ಕೆಳಗಿನ ಪೇಂಟನ್ನು ಎಮ್ರಿ ಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ಕಿಟ್ ಜೊತೆ ಬರುವ ಕವಲು ತುದಿ ಅಲುಗಾಟಕ್ಕೆ ನಿಧಾನವಾಗಿ ಜಾರುತ್ತದೆ, ಮೊದಲ ವಾರ ಸರಿಯಿದ್ದು ಆಮೇಲೆ ಕೆಡಲು ಇದೂ ಕಾರಣವಿರಬಹುದು. ಅದನ್ನು ಕತ್ತರಿಸಿ ಉಂಗುರದ ಲಗ್ ಕ್ರಿಂಪ್ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳುವಾಗಿ ಗ್ರೀಸ್ ಸವರಿದರೆ ತುಕ್ಕು ಹಿಡಿಯುವುದಿಲ್ಲ. ನಂತರ ಅದೇ ರೀಡಿಂಗ್ ಮತ್ತೆ ತೆಗೆಯಿರಿ.

ಮೆಮೊರಿ ಕಾರ್ಡೇ ಸಾಕ್ಷಿ

ಇಲ್ಲಿಯವರೆಗೆ ನಾನು ಹೇಳಿದ್ದು ಊಹೆ ಎಂದು ನಿಮಗೆ ಅನ್ನಿಸಿದರೆ ಅದನ್ನು ಪರೀಕ್ಷಿಸಲು ಒಂದು ದಾಖಲೆ ಈಗಾಗಲೇ ನಿಮ್ಮ ಕೈಯಲ್ಲಿದೆ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ ಆ ವಾರಾಂತ್ಯದ ಫೈಲುಗಳ ಸಮಯ ನೋಡಿ. ಹಳೆಯದರ ಮೇಲೆ ಹೊಸದು ಬರೆದುಹೋಗಿದ್ದರೆ, ಅರ್ಥ್ ಸರಿಮಾಡುವ ಮೊದಲು ಇನ್ನೊಂದು ರಾತ್ರಿ ನಿಲ್ಲಿಸಿ ನೋಡಿ.

ಪಾರ್ಕಿಂಗ್ ಫೈಲುಗಳು ಭಾನುವಾರ ರಾತ್ರಿಯವರೆಗೆ ಸಾಲಾಗಿ ಇದ್ದರೆ ಬ್ಯಾಟರಿ ಕುಡಿದದ್ದು ಕ್ಯಾಮೆರಾವೇ. ಶುಕ್ರವಾರ ಸಂಜೆ ಹತ್ತು ನಿಮಿಷಕ್ಕೇ ಕೊನೆಯ ಫೈಲ್ ಇದ್ದರೆ ಕ್ಯಾಮೆರಾ ನಿರಪರಾಧಿ, ಬೇರೆ ಏನೋ ಎಳೆಯುತ್ತಿದೆ. ಅಂಥ ಹೊತ್ತಿನಲ್ಲಿ ಗಾಡಿ ನಿದ್ದೆಗೆ ಹೋಗುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಈಗಿನ ಗಾಡಿಗಳಲ್ಲಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ ಲಾಕ್ ಮಾಡಿದ ಮೇಲೆ ಒಂದೊಂದೇ ಸರ್ಕ್ಯೂಟನ್ನು ಮಲಗಿಸುತ್ತದೆ. ಎಲ್ಲ ಮಲಗಲು ಕೆಲವು ಗಾಡಿಗಳಲ್ಲಿ ಅರ್ಧ ಗಂಟೆಯೂ ಬೇಕು.

ಇದೇ ನಿದ್ದೆ ಇನ್ನೊಂದು ಮೋಸವನ್ನೂ ಮಾಡುತ್ತದೆ. ಕೀ ತೆಗೆದಾಗಲೂ 12 ವೋಲ್ಟ್ ತೋರಿಸುವ ಕೆಲವು ಫ್ಯೂಸ್‌ಗಳು ನಿಜವಾಗಿ ಡೈರೆಕ್ಟ್ ಅಲ್ಲ. ಹತ್ತೋ ಇಪ್ಪತ್ತೋ ನಿಮಿಷದ ಮೇಲೆ ಅವೂ ಸತ್ತುಹೋಗುತ್ತವೆ. ಪಾರ್ಕಿಂಗ್ ಮೋಡ್ ಹತ್ತು ನಿಮಿಷಕ್ಕೆ ನಿಲ್ಲುವ ತೊಂದರೆಗೆ ಇದೂ ಒಂದು ಕಾರಣ ಆಗಬಹುದು. ನೀವು ಪರೀಕ್ಷಿಸಲು ಬಾಗಿಲು ತೆಗೆದ ಕ್ಷಣ ಗಾಡಿ ಎಚ್ಚರವಾಗಿ ಆ ಫ್ಯೂಸಿಗೆ ಮತ್ತೆ ಕರೆಂಟ್ ಕೊಡುತ್ತದೆ, ಮೀಟರ್ 12.5 ತೋರಿಸುತ್ತದೆ! ನಿಮ್ಮ ವಿಷಯದಲ್ಲಿ ಕೆಲವು ರಾತ್ರಿ ಬೆಳಗಿನವರೆಗೆ ರೆಕಾರ್ಡ್ ಆಗಿರುವುದರಿಂದ ಇದನ್ನು ನಾನು ಎರಡನೇ ಸ್ಥಾನದಲ್ಲಿ ಇಡುತ್ತೇನೆ. ಪರೀಕ್ಷಿಸುವುದಾದರೆ ಬಾಗಿಲು ತೆರೆದೇ ಇಟ್ಟು ಅದರ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಳ್ಳಿ. ಮೀಟರ್ ಜೋಡಿಸಿಟ್ಟು, ರಿಮೋಟಿನಲ್ಲಿ ಲಾಕ್ ಮಾಡಿ, ಕೀಯನ್ನು ದೂರ ಇಟ್ಟು ಅರ್ಧ ಗಂಟೆ ಕಾಯಿರಿ. ಮುಗಿದ ಮೇಲೆ ಬಾಗಿಲು ಮುಚ್ಚುವ ಮುಂಚೆ ಹ್ಯಾಂಡಲ್ ಎಳೆದು ನಾಲಿಗೆ ಬಿಡಿಸುವುದನ್ನು ಮರೆಯಬೇಡಿ. ಅಪಾಯದ ಸೂಚನೆಯ ಹಜಾರ್ಡ್ ಲೈಟ್, ಡೋರ್ ಲಾಕ್ ಫ್ಯೂಸ್‌ಗಳು ಹೆಚ್ಚಾಗಿ ನಿಜವಾದ ಡೈರೆಕ್ಟ್ ಆಗಿರುತ್ತವೆ, ಆದರೂ ಅಳೆಯದೆ ನಂಬಬೇಡಿ.

ಟ್ಯಾಪ್ ಬಗ್ಗೆ ಇನ್ನೆರಡು ಮಾತು. ಮಿನಿ, ಲೋ ಪ್ರೊಫೈಲ್ ಮಿನಿ, ಮೈಕ್ರೋ-2 ಎಂಬ ಫ್ಯೂಸ್ ಅಳತೆಗಳು ನೋಡಲು ಹತ್ತಿರ ಹತ್ತಿರ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಬಾರದು. ದಪ್ಪ ಕಾಲು ಹೋದರೆ ಒಳಗಿನ ಕ್ಲಿಪ್ ಅಗಲವಾಗಿ, ಟ್ಯಾಪ್ ತೆಗೆದ ಮೇಲೂ ಮೂಲ ಫ್ಯೂಸ್ ಸಡಿಲವಾಗಿಯೇ ಉಳಿಯುತ್ತದೆ. ಎರಡನೆಯದು ಟ್ಯಾಪ್‌ನ ದಿಕ್ಕು. ಟ್ಯಾಪ್‌ನ ಒಂದು ಕಾಲು ಎರಡೂ ಫ್ಯೂಸ್‌ಗಳಿಗೆ ಸಾಮಾನ್ಯ, ಅದು ಕರೆಂಟ್ ಬರುವ ಬದಿಗೆ ಕೂರಬೇಕು. ತಿರುವುಮುರುವಾಗಿ ಕೂತರೂ ಕ್ಯಾಮೆರಾ ಓಡುತ್ತದೆ, ಆದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಆದರೆ ಮೂಲ ಫ್ಯೂಸಿನ ಮೇಲೆ ಎರಡರ ಭಾರವೂ ಬೀಳುತ್ತದೆ. ಪತ್ತೆ ಹಚ್ಚುವುದು ಸುಲಭ: ಟ್ಯಾಪ್‌ನಿಂದ ಗಾಡಿಯ ಮೂಲ ಫ್ಯೂಸನ್ನು ಮಾತ್ರ ತೆಗೆಯಿರಿ. ಟ್ಯಾಪ್ ವೈರಿನಲ್ಲಿ 12 ವೋಲ್ಟ್ ಇನ್ನೂ ಇದ್ದರೆ ದಿಕ್ಕು ಸರಿ, ಹೋಗಿದ್ದರೆ ತಿರುಗಿಸಿ ಹಾಕಿ.

ಅರ್ಥ್ ಸರಿಯಾದ ಮೇಲೂ ರೀಸ್ಟಾರ್ಟ್ ಆದರೆ

ಆಗ 5 ವೋಲ್ಟ್ ಬದಿಗೆ ಬನ್ನಿ. ಕಿಟ್ ಜೊತೆ ಬಂದ ಕೇಬಲ್ ಸಾಲದೆ ಮಾಮೂಲಿ ಯುಎಸ್‌ಬಿ ಎಕ್ಸ್‌ಟೆನ್ಷನ್ ಸೇರಿಸಿದ್ದೀರಾ? ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾದ 28 ಗೇಜ್ ವೈರಿಗೆ (ಗೇಜ್ ಅಂಕಿ ಹೆಚ್ಚಿದಷ್ಟೂ ವೈರ್ ತೆಳು) ಪ್ರತಿ ಮೀಟರ್ ಉದ್ದಕ್ಕೆ ಸುಮಾರು 0.21 ಓಮ್ ಅಡ್ಡಿ. ಮೂರೂವರೆ ಮೀಟರ್ ಕೇಬಲ್ ಎಂದರೆ ಕರೆಂಟ್ ಹೋಗಿಬರುವ ದಾರಿ ಏಳು ಮೀಟರ್, ಅಂದರೆ ಒಂದೂವರೆ ಓಮ್. 1 ಆಂಪಿಯರ್ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಯಿತು, ಕ್ಯಾಮೆರಾಗೆ ಮೂರೂವರೆ ಮಾತ್ರ. 20 ಗೇಜ್ ವೈರ್ ಇದ್ದರೆ ಅದೇ ದೂರದಲ್ಲಿ ಕಳೆಯುವುದು ಕಾಲು ವೋಲ್ಟ್‌ಗಿಂತ ಕಡಿಮೆ. 12 ವೋಲ್ಟ್ ಬದಿಯಲ್ಲಿ ಅರ್ಧ ವೋಲ್ಟ್ ಕಳೆದುಕೊಂಡರೂ ಕಿಟ್ ಸಂಭಾಳಿಸುತ್ತದೆ, 5 ವೋಲ್ಟ್ ಬದಿಯಲ್ಲಿ ಅಂಥ ಅವಕಾಶವಿಲ್ಲ. ಕೇಬಲ್ ಸಾಲದಿದ್ದರೆ ಕಿಟ್‌ನ 12 ವೋಲ್ಟ್ ವೈರ್‌ಗಳನ್ನು ಉದ್ದ ಮಾಡಿ, ಯುಎಸ್‌ಬಿ ಕೇಬಲನ್ನಲ್ಲ.

ಕಿಟ್ ಬಿಟ್ಟು ಮೊಬೈಲ್ ಚಾರ್ಜರಿನಿಂದ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಅನೇಕ ಕ್ಯಾಮೆರಾಗಳಲ್ಲಿ ಎಸಿಸಿ ಸುದ್ದಿ ಅದೇ ಕೇಬಲಿನ ಇನ್ನೊಂದು ಪಿನ್ ಮೂಲಕ ಹೋಗುತ್ತದೆ. ಹಾಗಾಗಿ ಬೇರೆ ಕಂಪನಿಯ ಕಿಟ್ ಅಥವಾ ಸಾದಾ ಚಾರ್ಜರ್ ಹಾಕಿದರೆ ಕ್ಯಾಮೆರಾ ಓಡುತ್ತದೆ, ಪಾರ್ಕಿಂಗ್ ಮೋಡ್ ಮಾತ್ರ ಬರುವುದಿಲ್ಲ. ಟೈಪ್-ಸಿ ಸಾಕೆಟ್ ಇರುವ ಕೆಲವು ಕ್ಯಾಮೆರಾಗಳು ಎರಡೂ ಬದಿ ಟೈಪ್-ಸಿ ಇರುವ ಕೇಬಲಿನಲ್ಲಿ ಆನ್ ಆಗುವುದೇ ಇಲ್ಲ; ಚಾರ್ಜರಿಗೆ ಗುರುತು ಹೇಳುವ ರೆಸಿಸ್ಟರ್ ಅವುಗಳಲ್ಲಿ ಇರುವುದಿಲ್ಲ. ಅದು ಕ್ಯಾಮೆರಾ ಕೆಟ್ಟಿರುವ ಲಕ್ಷಣವಲ್ಲ.

ಕೊನೆಗೆ ಕಾರ್ಡ್. ಹಾಳಾಗುತ್ತಿರುವ ಕಾರ್ಡ್ ಕೂಡ ಕ್ಯಾಮೆರಾವನ್ನು ರೀಸ್ಟಾರ್ಟ್ ಮಾಡಿಸುತ್ತದೆ. ಕಾರ್ಡ್ ತೆಗೆದು ಅದೇ ಕೆಟ್ಟ ರಸ್ತೆಯಲ್ಲಿ ಓಡಿಸಿ. ಕ್ಯಾಮೆರಾ ಗೊಣಗಿದರೂ ಆನ್ ಆಗಿಯೇ ಉಳಿದರೆ ಕಾರ್ಡ್ ಬದಲಿಸಿ, ಹೈ ಎಂಡ್ಯೂರೆನ್ಸ್ ಎಂದು ಬರೆದಿರುವುದನ್ನೇ ಕೊಳ್ಳಿ. ಹಾಗೆಯೇ ಸೆಲ್ಫ್ ಹೊಡೆಯುವ ಕ್ಷಣದಲ್ಲಿ ಒಮ್ಮೆ ರೀಸ್ಟಾರ್ಟ್ ಆಗುವುದು ರೋಗವಲ್ಲ. ಆಗ ಬ್ಯಾಟರಿ 10 ವೋಲ್ಟ್ ಹತ್ತಿರ ಕುಸಿಯುತ್ತದೆ, ಎಸಿಸಿ ಲೈನನ್ನು ಗಾಡಿಯೇ ಕಡಿದುಬಿಡುತ್ತದೆ.

ವೈರ್ ಮತ್ತೆ ಎಳೆಯುವ ಸಂದರ್ಭ ಬಂದರೆ ಮುಂದಿನ ಗಾಜಿನ ಪಕ್ಕದ ಕಂಬದ ಕವರ್ ತೆಗೆದು ನೋಡಿ. ಕರ್ಟನ್ ಏರ್‌ಬ್ಯಾಗ್ ಇದ್ದರೆ ವೈರ್ ಅದರ ಹಿಂದೆ, ಗಾಡಿಯ ಮೂಲ ವೈರಿಂಗಿಗೆ ಕಟ್ಟಿಕೊಂಡು ಹೋಗಬೇಕು. ಬ್ಯಾಗಿನ ಮುಂದೆ ಅಡ್ಡ ಬಂದರೆ ಅದು ಬಿಚ್ಚುವ ದಾರಿಗೇ ಅಡ್ಡಿ. ಹಳದಿ ಕನೆಕ್ಟರ್ ಇರುವ ಯಾವ ವೈರಿಗೂ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ.

ಕಟಾಫ್ ಎಷ್ಟಿಡಬೇಕು

ವೈರಿಂಗ್ ಸರಿಹೋದ ಮೇಲೆ ಉಳಿಯುವ ಪ್ರಶ್ನೆ ಇದು, ಇದಕ್ಕೆ ಉತ್ತರ ಕ್ಯಾಮೆರಾ ಮೇಲಲ್ಲ, ನಿಮ್ಮ ಓಡಾಟದ ಮೇಲೆ ನಿಂತಿದೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ಇದ್ದರೆ ಪೂರ್ತಿ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲುಭಾಗ. 11.8 ಎಂದರೆ ಬಹುಮಟ್ಟಿಗೆ ಖಾಲಿ. ಕಿಟ್‌ನಲ್ಲಿ ಆ ಆಯ್ಕೆ ಇದೆ ಎಂಬ ಮಾತ್ರಕ್ಕೆ ಅದು ಸುರಕ್ಷಿತ ಎಂದಲ್ಲ. ಎಂಜಿನ್ ಸ್ಟಾರ್ಟ್ ಮಾಡಬೇಕಾದ ಬ್ಯಾಟರಿಗೆ 11.8 ಇಡಲು ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಲೆಕ್ಕ ನೋಡಿ. ದಿನಕ್ಕೆ 23 ಗಂಟೆಗಿಂತ ಹೆಚ್ಚು ಗಾಡಿ ನಿಂತಿರುತ್ತದೆ. ಅಷ್ಟೂ ಹೊತ್ತು ರೆಕಾರ್ಡ್ ಆದರೆ 9 ಆಂಪಿಯರ್-ಅವರ್ ಖರ್ಚು. ಅದನ್ನು ನಲವತ್ತು ನಿಮಿಷದಲ್ಲಿ ವಾಪಸ್ ತುಂಬಬೇಕಾದರೆ ಬ್ಯಾಟರಿ ಸತತವಾಗಿ 14 ಆಂಪಿಯರ್ ನುಂಗಬೇಕು. ಎಂಜಿನ್ ಓಡುವಾಗ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಷ್ಟು ಕೊಡಬಲ್ಲದು, ಆದರೆ ಲೆಡ್-ಆಸಿಡ್ ಬ್ಯಾಟರಿ ತುಂಬುತ್ತ ಬಂದಂತೆ ನುಂಗುವ ವೇಗ ಇಳಿಯುತ್ತ ಹೋಗುತ್ತದೆ. ಹಾಗಾಗಿ ಪ್ರತಿದಿನ ಸ್ವಲ್ಪ ಕೊರತೆ ಉಳಿದೇ ಉಳಿಯುತ್ತದೆ. ಅರ್ಥ್ ಎಷ್ಟೇ ಚೆನ್ನಾಗಿ ಕಟ್ಟಿದರೂ ಈ ಕೊರತೆ ತುಂಬುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಕಟಾಫ್ 12.4ಕ್ಕೆ ವಾಪಸ್ ತಂದು, ಕ್ಯಾಮೆರಾದಲ್ಲಿ ಟೈಮರ್ ಇದ್ದರೆ ಪಾರ್ಕಿಂಗ್ ರೆಕಾರ್ಡಿಂಗನ್ನು ಗಾಡಿಗೆ ನಿಜವಾಗಿ ಅಪಾಯವಿರುವ ಕೆಲವು ಗಂಟೆಗೆ ಸೀಮಿತ ಮಾಡುತ್ತಿದ್ದೆ. ಪೆಟ್ಟು ಬಿದ್ದಾಗ ಮಾತ್ರ ಎಚ್ಚರವಾಗುವ ಮೋಡ್ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಕರೆಂಟ್ ಬಹಳ ಕಡಿಮೆ. ಅದರ ನಷ್ಟವೆಂದರೆ ಎಚ್ಚರವಾಗಲು ಬೇಕಾದ ಒಂದೆರಡು ಸೆಕೆಂಡಿನಲ್ಲಿ ಗುದ್ದಿದವರು ಚಿತ್ರದಿಂದ ಹೊರಗೆ ಹೋಗಿರಬಹುದು. ಬಿಟ್ಟು ಬಿಟ್ಟು ಚಿತ್ರ ತೆಗೆಯುವ ಟೈಮ್‌ಲ್ಯಾಪ್ಸ್ ಹಾಕಿದರೆ ಬ್ಯಾಟರಿ ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಉಳಿಸುವುದು ಕಾರ್ಡಿನ ಜಾಗವನ್ನು. ಸೆನ್ಸರ್, ಪ್ರೊಸೆಸರ್ ಎರಡೂ ಎಚ್ಚರವಾಗಿಯೇ ಇರುವುದರಿಂದ ಕರೆಂಟಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯವಿಲ್ಲ.

ರಾತ್ರಿಯಿಡೀ ರೆಕಾರ್ಡ್ ಆಗಲೇಬೇಕೆಂದರೆ ಡ್ಯಾಶ್‌ಕ್ಯಾಮಿಗೆಂದೇ ಬರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾಕ್ ಹಾಕಿಸಿ. ಗಾಡಿ ಓಡುವಾಗ ಎಸಿಸಿ ಲೈನಿನಿಂದ ತುಂಬಿಕೊಂಡು, ನಿಂತಾಗ ಕ್ಯಾಮೆರಾವನ್ನು ತಾನೇ ಓಡಿಸುತ್ತದೆ, ಗಾಡಿಯ ಬ್ಯಾಟರಿ ತಂಟೆಗೆ ಹೋಗುವುದಿಲ್ಲ. ಆದರೆ ತುಂಬಿಕೊಳ್ಳುವಾಗ ಅದು ಹಲವು ಆಂಪಿಯರ್ ಎಳೆಯುವುದರಿಂದ ದಪ್ಪ ವೈರ್, ತಕ್ಕ ಸರ್ಕ್ಯೂಟ್ ಬೇಕು. ಅದನ್ನು ಈಗಿನ 2 ಆಂಪಿಯರ್ ಟ್ಯಾಪ್‌ಗೆ ಸಿಕ್ಕಿಸುವಂತಿಲ್ಲ. ನಿಮ್ಮ ನಲವತ್ತು ನಿಮಿಷದ ಓಡಾಟದಲ್ಲಿ ಅದೂ ಪೂರ್ತಿ ತುಂಬದಿರಬಹುದು. ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡ್ ಮೇಲೆ ಇಡದೆ ಸೀಟಿನ ಕೆಳಗೆ ಕೂರಿಸಬೇಕು. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್ಟಿಗೆ ಚುಚ್ಚುವ ಕೇಬಲ್ ಫ್ಯೂಸ್ ಬಾಕ್ಸಿನ ತಲೆನೋವು ತಪ್ಪಿಸುತ್ತದೆ ನಿಜ. ಅದರ 16ನೇ ಪಿನ್‌ನಲ್ಲಿ ಸದಾ 12 ವೋಲ್ಟ್, 4 ಮತ್ತು 5ರಲ್ಲಿ ಅರ್ಥ್ ಸಿಗುತ್ತದೆ. ಆದರೆ ಎಸಿಸಿ ಲೈನ್ ಇಲ್ಲದ್ದರಿಂದ ಇಂಥ ಹಲವು ಕೇಬಲ್‌ಗಳು ವೋಲ್ಟೇಜ್ ಏರಿತೋ ಇಲ್ಲವೋ ನೋಡಿ ಎಂಜಿನ್ ಓಡುತ್ತಿದೆ ಎಂದು ಊಹಿಸುತ್ತವೆ. ಚಾರ್ಜಿಂಗ್ ಏರಿಳಿಸುವ ಸ್ಮಾರ್ಟ್ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಆ ಊಹೆ ತಪ್ಪಿ, ಓಡುತ್ತಿರುವಾಗಲೇ ಪಾರ್ಕಿಂಗ್ ಮೋಡಿಗೆ ಹೋಗುವುದುಂಟು.

ಎಫ್‌ಎಂ ಸದ್ದಿನ ಬಗ್ಗೆ: ಅದು ಬಹುಶಃ ಕಿಟ್ ಒಳಗಿನ 12ರಿಂದ 5 ಮಾಡುವ ಸ್ವಿಚಿಂಗ್ ಸರ್ಕ್ಯೂಟಿನಿಂದ, ಇಲ್ಲವೇ ಹಿಂದಿನ ಕ್ಯಾಮೆರಾಗೆ ಹೋಗುವ ಕೇಬಲಿನಿಂದ ಬರುತ್ತಿದೆ. ಗಾಡಿ ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟು, ಸದ್ದು ಬರುತ್ತಿರುವಾಗಲೇ ಮೊದಲು ಹಿಂದಿನ ಕ್ಯಾಮೆರಾ ಕೇಬಲ್ ಬಿಚ್ಚಿ, ಆಮೇಲೆ ಕಿಟ್‌ನ ಯುಎಸ್‌ಬಿ ಬಿಚ್ಚಿ. ಯಾವುದು ಬಿಚ್ಚಿದಾಗ ನಿಂತಿತೋ ಆ ಕೇಬಲಿಗೆ ಕಿಟ್ ಅಥವಾ ಕ್ಯಾಮೆರಾದ ಹತ್ತಿರವೇ ಇಂಥ ಸದ್ದು ತಡೆಯುವ, ಕ್ಲಿಪ್ ಮಾಡುವ ಫೆರೈಟ್ ತುಂಡು ಹಾಕಿ. ಕಿಟ್ ಪೆಟ್ಟಿಗೆಯನ್ನು ರೇಡಿಯೋ ಮತ್ತು ಆಂಟೆನಾ ಕೇಬಲಿನಿಂದ ದೂರ ಸರಿಸಿ, ಹಿಂದಿನ ಕ್ಯಾಮೆರಾ ಕೇಬಲ್ ಆಂಟೆನಾ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಹೋಗುತ್ತಿದ್ದರೆ ಬಿಡಿಸಿ ಇನ್ನೊಂದು ಬದಿಯಿಂದ ಎಳೆಯಿರಿ. ಇದನ್ನೂ ಅರ್ಥ್ ಸರಿಮಾಡಿದ ಮೇಲೆಯೇ ಮಾಡಿ, ಕೆಟ್ಟ ಅರ್ಥ್ ಇದ್ದಾಗ ಈ ಸದ್ದು ಹೆಚ್ಚುತ್ತದೆ.